ಗೋಡೆಗೆ ಅಂಟಿಸಿದ ಮೇಲು-ಕೀಳು

ಬೀದರ ಬಸ್ ನಿಲ್ದಾಣದ ಹಿಂದೆ ನನ್ನದೊಂದು ವಿಡಿಯೋ ಗೇಮ್ ಅಂಗಡಿ ಇದೆ. ಅಲ್ಲಿ ಟಿವಿಯೊಳಗೆ ಆಗುವ ಹೊಡೆದಾಟಕ್ಕಿಂತ ಗೋಡೆಯ ಮೇಲಿನ ಪಟ್ಟಿಗಾಗಿ ಆಗುವ ಗದ್ದಲವೇ ಜಾಸ್ತಿ. ಹೊಡೆದಾಟದ ಆಟದಲ್ಲಿ ಮೂವತ್ತು ಬೊಂಬೆಗಳಿವೆ. ಯಾವುದು ಬಲಶಾಲಿ, ಯಾವುದು ಬಡಪಾಯಿ ಎಂದು ಐದು ಸಾಲು ಮಾಡಿ ನಾನೇ ಬರೆದು ಅಂಟಿಸಿದ್ದೇನೆ. ಬಲ್ಲವರು ಇದಕ್ಕೆ ಟಿಯರ್ ಲಿಸ್ಟ್ ಅನ್ನುತ್ತಾರೆ. ಸಾಲದ್ದಕ್ಕೆ ಪ್ರತಿ ಬೊಂಬೆಯ ಪಕ್ಕದಲ್ಲಿ ಅದನ್ನು ಆಡುವ ಗಿರಾಕಿಯ ಹೆಸರನ್ನೂ ಬರೆದೆ. ಮಾಡಿದ್ದುಣ್ಣೋ ಮಹಾರಾಯ ಅನ್ನುವ ಹಾಗೆ ಅಂದಿನಿಂದ ದಿನಕ್ಕೊಂದು ತಮಾಷೆ.

ವಶೀಲಿ

ಔರಾದಿನ ಮೆಡಿಕಲ್ ಅಂಗಡಿಯವರೊಬ್ಬರು ವಾರಕ್ಕೊಮ್ಮೆ ಬಂದು ದಪ್ಪ ಪೈಲ್ವಾನನನ್ನೇ ಆಡುತ್ತಾರೆ. ಪೈಲ್ವಾನ ಕೈ ಎತ್ತುವಷ್ಟರಲ್ಲಿ ಎದುರಿನವನು ಮೂರೇಟು ಕೊಟ್ಟಿರುತ್ತಾನೆ. ಅದಕ್ಕೇ ಅವನನ್ನು ನಾಲ್ಕನೇ ಸಾಲಿಗೆ ಹಾಕಿದ್ದೆ. ಮುಂದಿನ ವಾರ ಅವರು ತಮ್ಮ ಸೋದರಮಾವನನ್ನು ಕರೆತಂದರು. ಠಾಣಾ ಕುಶನೂರಿನ ನಿವೃತ್ತ ಹೆಡ್‌ಮಾಸ್ತರರು. ಇಸ್ತ್ರಿ ಮಾಡಿದ ಧೋತರ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು.

“ಪೈಲ್ವಾನಂದು ಜರಾ ನೋಡ್ರಿ. ಒಂದು ಸಾಲು ಮ್ಯಾಲ ಮಾಡಿದ್ರ ನಿಮ್ಮ ಗಂಟೇನು ಹೋಗ್ತದ?”

“ಸರ್, ಅಂವ ಖರೇ ಮನುಷ್ಯಾ ಅಲ್ರಿ. ಆಟದಾಗಿನ ಬೊಂಬಿ.”

“ಇರ್ಲಿ ಬಿಡ್ರಿ. ನಾನು ಮೂವತ್ತು ವರ್ಷ ಮಾಸ್ತರಕಿ ಮಾಡೀನಿ. ನನ್ನ ಕೈಯಾಗ ಬೊಂಬಿಕಿಂತ ಕಡಿಮಿ ಇದ್ದವ್ರೂ ಪಾಸ್ ಆಗ್ಯಾರ.”

ಶರಣರ ಮಾತು

ಪಕ್ಕದ ಬಟ್ಟೆ ಅಂಗಡಿಯ ಕಾಕಾ ಹಣೆ ತುಂಬ ವಿಭೂತಿ ಹಚ್ಚುವವರು. ಒಮ್ಮೆ ನೀರು ಕುಡಿಯಲು ಬಂದವರು ಪಟ್ಟಿ ನೋಡಿ ನಿಂತೇಬಿಟ್ಟರು.

“ತಮ್ಮಾ, ಮೇಲು-ಕೀಳು ಬ್ಯಾಡ ಅಂತ ಶರಣರು ಎಂದೋ ಹೇಳಿ ಹೋಗ್ಯಾರ. ಅವರು ಅಡ್ಡಾಡಿದ ಸೀಮ್ಯಾಗ ಕುಂತು ಐದು ಸಾಲು ಮಾಡೀಯಲ್ಲ, ಯಾಕ?”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಾತು ಮರೆಸಲೆಂದು ಕುರ್ಚಿ ಎಳೆದು, ಕೈಗೆ ರಿಮೋಟು ಕೊಟ್ಟು, “ನೀವೂ ಒಂದು ಆಟ ಆಡ್ರಿ ಕಾಕಾ. ಯಾರನ್ನ ಹಚ್ಚಲಿ?” ಅಂದೆ.

ಕಾಕಾ ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಇನ್ನೊಮ್ಮೆ ಓದಿದರು. “ಮ್ಯಾಲಿನ ಸಾಲಿನಾಂವನ್ನ ಹಚ್ಚು,” ಅಂದರು.

ಮಾತಾಡಿಸಲು ಬಂದವರು

ಆಟ ತಯಾರಿಸುವವರು ಆಗಾಗ ಬೊಂಬೆಗಳ ಬಲ ಹೆಚ್ಚುಕಡಿಮೆ ಮಾಡಿ ಆಟವನ್ನು ತಿದ್ದುತ್ತಾರೆ. ಹಾಗೆ ತಿದ್ದಿದ ಒಂದು ದಿನ ಮೊದಲ ಸಾಲಿನ ಕತ್ತಿವೀರ ಮೂರನೇ ಸಾಲಿಗೆ ಬಿದ್ದ. ಭಾಲ್ಕಿಯ ಉಪನ್ಯಾಸಕರೊಬ್ಬರು ಎರಡು ವರ್ಷ ಅವನೊಬ್ಬನನ್ನೇ ನೆಚ್ಚಿಕೊಂಡಿದ್ದರು. ಸುದ್ದಿ ತಿಳಿದ ಗೆಳೆಯರು ಬಂದು ಸುತ್ತ ಕುಳಿತರು. ಚಹಾ ತರಿಸಿದರೆ ಯಾರೂ ಮುಟ್ಟಲಿಲ್ಲ.

“ಹ್ಯಾಂಗಾತ್ರಿ ಸರ್?”

“ಏನ್ ಹೇಳ್ಲಿ. ನಿನ್ನಿ ಸಂಜಿತನಾ ಚಲೋ ಇದ್ದ. ಮೂರು ಮಂದಿಗಿ ಹೊಡದಿದ್ದ.”

ವಿಚಾರಣೆ

ಕೊನೆಯ ಸಾಲಿನಲ್ಲಿ ಇರುವವನು ಒಬ್ಬನೇ: ಕೊಡೆ ಹಿಡಿದ ಮುದುಕ. ಅವನನ್ನು ಆಡುವವನೂ ಒಬ್ಬನೇ: ಡಾಬಕಾದಿಂದ ಬಂದು ಇಲ್ಲಿ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಯುವಕ. ಎರಡು ವರ್ಷದಲ್ಲಿ ಅವನು ಒಂದೇ ಒಂದು ಆಟ ಗೆದ್ದದ್ದನ್ನೂ ನಾನು ಕಂಡಿಲ್ಲ. ಅವನಿಗೆ ಭಾಲ್ಕಿ ಕಡೆಯ ಮೆಹಕರದಲ್ಲಿ ಹೆಣ್ಣು ನೋಡಿದ್ದರು. ಹುಡುಗ-ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗ ಎಂಥವನು ಎಂದು ಹುಡುಗಿಯ ಅಪ್ಪ ನಾಲ್ಕು ಕಡೆ ವಿಚಾರಿಸುವುದೊಂದೇ ಬಾಕಿ.

ವಿಚಾರಿಸುತ್ತ ವಿಚಾರಿಸುತ್ತ ಅವರು ನನ್ನ ಅಂಗಡಿಗೂ ಬಂದರು. ಗೋಡೆ ನೋಡಿದರು. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

“ಇದು ನಮ್ಮ ಹುಡುಗನ ಹೆಸರಲ್ಲೇನ್ರಿ? ಎಲ್ಲಾರ್ಕಿಂತ ಕೆಳಗ ಯಾಕ ಅದ?”

ಸಾಲು ಬೊಂಬೆಯದು, ಹುಡುಗನದಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. “ಕರಸ್ರಿ ಅವನಿಗಿ. ನಾನ ಆಡಿ ನೋಡ್ತೇನಿ,” ಅಂದರು.

ಹುಡುಗ ಬಿಳಿ ಕೋಟಿನಲ್ಲೇ ಓಡಿಬಂದ. ವಿಷಯ ಕೇಳಿ ಅವನ ಮುಖವೂ ಕೋಟಿನ ಬಣ್ಣಕ್ಕೆ ತಿರುಗಿತು. ನನ್ನನ್ನು ಮೂಲೆಗೆ ಎಳೆದು, “ಅಣ್ಣಾ, ಗೆದ್ರ ಅವರಿಗಿ ಅಪಮಾನ, ಸೋತ್ರ ನಾನು ನಾಲಾಯಕ. ಏನ್ ಮಾಡ್ಲಿ?” ಅಂದ.

“ಸೋಲೋದು ನಿನಗ ರೂಢಿ ಅದ. ಸೋತು ಬಿಡು,” ಅಂದೆ.

ಹೆಣ್ಣಿನ ಕಡೆಯ ಬೀಗರು ಮೊದಲ ಸಾಲಿನ ವೀರನನ್ನು ಹಿಡಿದು ಎಲ್ಲ ಗುಂಡಿಗಳನ್ನೂ ಒಟ್ಟಿಗೇ ಒತ್ತಿದರು. ಹುಡುಗ ಸೋಲಲೆಂದು ಸುಮ್ಮನೆ ಕೊಡೆ ಅಡ್ಡ ಹಿಡಿದ. ಆದರೆ ಆ ವೀರ ತಾನಾಗಿಯೇ ಹಾರಿ ಹಾರಿ ಬಂದು ಕೊಡೆಗೆ ತಲೆ ಹೊಡೆದುಕೊಂಡು ಬಿದ್ದ. ಎರಡು ವರ್ಷದಲ್ಲಿ ಮೊದಲ ಗೆಲುವು! ಹುಡುಗ ಎಲ್ಲ ಮರೆತು ಕುರ್ಚಿ ಏರಿ, “ಗೆದ್ನೆಪಾ!” ಎಂದು ಕೂಗಿದ. ಆಮೇಲೆ ಪಕ್ಕಕ್ಕೆ ನೋಡಿ ಮೆಲ್ಲಗೆ ಇಳಿದ.

“ಇನ್ನೊಂದು,” ಅಂದರು ಬೀಗರು. ಸೋತರು. “ಇನ್ನೊಂದು.” ಗೆಲುವಿನ ರುಚಿ ಹತ್ತಿದವನಿಗೆ ಸೋಲುವುದು ಹೇಗೆಂಬುದೇ ಮರೆತುಹೋಗಿತ್ತು. ಬೀಗರು ಹಿಡಿಯಬೇಕಿದ್ದ ಭಾಲ್ಕಿಯ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ಹನ್ನೊಂದನೇ ಸಲ ಸೋತ ಮೇಲೆ ಬೀಗರು ಎದ್ದು ಟೋಪಿ ಹಾಕಿಕೊಂಡರು.

ಹುಡುಗ ಕೈಮುಗಿದು ನಿಂತಿದ್ದ. ಅವನ ಪರವಾಗಿ ನಾನೇ ಕೇಳಿದೆ: “ಹಂಗಾದ್ರ… ಲಗ್ನದ್ದು ಏನ್ರಿ?”

“ಲಗ್ನ ಪಕ್ಕಾ ರಿ,” ಅಂದರು ಬೀಗರು, ಹಲ್ಲು ಕಡಿಯುತ್ತ. “ಅಳಿಯಾ ಆದ ಮ್ಯಾಲ ದೀಪಾವಳಿಗಿ ನಮ್ಮ ಮನಿಗಿ ಬರಲೇಬೇಕಲ್ಲ. ಅವಾಗ ಹನ್ನೆರಡನೇ ಆಟ ಬಿಟ್ಟು ಇಂವ ಎಲ್ಲಿ ಓಡಿ ಹೋಗ್ತಾನ, ನೋಡ್ತೇನಿ.”