ತೋಳಿನ ಮೇಲೊಬ್ಬ ಚಾಡಿಕೋರ

ತಿಂದದ್ದನ್ನು ತಿಂದಿಲ್ಲ ಎನ್ನುವುದು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಅಷ್ಟೂ ಸ್ವಾತಂತ್ರ್ಯವಿಲ್ಲದಿದ್ದರೆ ಮನುಷ್ಯರು ಒಂದೇ ಅಡುಗೆಮನೆಯಲ್ಲಿ ಬಾಳುವುದಾದರೂ ಹೇಗೆ? ಆ ಸ್ವಾತಂತ್ರ್ಯವನ್ನು ನಾನು ಕಳೆದುಕೊಂಡದ್ದು ಬಸುರಿಯಾದಾಗ. ಆರನೆಯ ತಿಂಗಳಲ್ಲಿ ರಕ್ತದ ಸಕ್ಕರೆ ಏರಿತು. ಬಸುರಿನಲ್ಲಿ ಕೆಲವರಿಗೆ ಹೀಗಾಗುತ್ತದೆ, ಹೆದರಬೇಡಿ ಎಂದರು ಡಾಕ್ಟರ್. ಪಥ್ಯಕ್ಕೆ ಅದು ಬಗ್ಗದಿದ್ದಾಗ ಇನ್ಸುಲಿನ್ ಶುರು ಮಾಡಿ, ನನ್ನ ತೋಳಿಗೆ ನಾಣ್ಯದಷ್ಟಗಲದ ಒಂದು ಬಿಲ್ಲೆ ಅಂಟಿಸಿದರು. ಹಗಲಿರುಳೂ ನನ್ನ ಸಕ್ಕರೆಯ ಸುದ್ದಿಯನ್ನು ಮೊಬೈಲಿಗೆ ಮುಟ್ಟಿಸುವುದು ಅದರ ಕೆಲಸ.

ಸುದ್ದಿ ನನ್ನ ಮೊಬೈಲಿಗಷ್ಟೇ ಬಂದಿದ್ದರೆ ಹೇಗೋ ಸುಧಾರಿಸಿಕೊಳ್ಳುತ್ತಿದ್ದೆ. ನನ್ನ ಗಂಡ ಪ್ರೀತಿ ಉಕ್ಕಿ ತನ್ನ ಫೋನಿಗೂ, ಬಾಗಲಕೋಟೆಯಿಂದ ನನ್ನ ಆರೈಕೆಗೆಂದು ಮರಾಠಿ ಸೀಮೆಯ ಹಡಪಸರದ ನಮ್ಮ ಫ್ಲ್ಯಾಟಿಗೆ ಬಂದಿದ್ದ ಅತ್ತೆಯ ಫೋನಿಗೂ ಅದನ್ನು ಜೋಡಿಸಿಬಿಟ್ಟ. ಅವನು ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸಗಾರ. ಅಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಹಾಗಾಗಿ ಮನೆಯಲ್ಲಿರಲಿ, ನನ್ನ ಆಫೀಸಿನಲ್ಲಿರಲಿ, ಇಡೀ ಹಗಲು ನಾನು ಅತ್ತೆಯ ಪಾಲು. ಟೀವಿ ಧಾರಾವಾಹಿಗಳನ್ನು ಬಿಟ್ಟು ಅವರು ನನ್ನ ಸಕ್ಕರೆಯ ಗೆರೆಯನ್ನೇ ನೋಡುತ್ತ ಕೂತರು. ಒಮ್ಮೆ ಪಕ್ಕದ ಮನೆಯವರು ಬಾಗಿಲಲ್ಲೇ ಕೊಟ್ಟ ಪುರಣಪೋಳಿಯ, ಅಂದರೆ ನಮ್ಮ ಹೂರಣದ ಹೋಳಿಗೆಯ, ತುಂಡೊಂದನ್ನು ಅಲ್ಲೇ ನುಂಗಿ, ಸಾಧ್ವಿಯ ಮುಖ ಹೊತ್ತು ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ದನಿ:

"ಗೆರಿ ಮ್ಯಾಲ ಹೊಂಟದಲ್ಲ, ಏನ್ ತಿಂದಿವಾ?"

"ಏನಿಲ್ರೀ ಅತ್ತಿ."

"ಹಂಗಾದ್ರ ಅದು ಸುಮ್ನ ಗುಡ್ಡಾ ಹತ್ತಾಕತ್ತದೇನು?"

ಆಮೇಲೆ ಮನೆಯ ಸಕ್ಕರೆ ಡಬ್ಬಿ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ. ತೋಳಿನ ಚಾಡಿಕೋರನನ್ನೂ ಅವನ ಮಾತು ಕೇಳುವವರನ್ನೂ ಮನಸ್ಸಿನಲ್ಲೇ ಬೈದುಕೊಂಡು ದಿನ ತಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಮೀಟಿಂಗ್ ಮುಗಿಯಲೇ ಇಲ್ಲ; ಚುಚ್ಚಿಕೊಂಡ ಇನ್ಸುಲಿನ್ ಮೈಯಲ್ಲಿತ್ತು, ಊಟ ತಪ್ಪಿತು. ಮನೆಗೆ ಹೋಗಿಯೇ ಉಂಡರಾಯಿತೆಂದು ರಿಕ್ಷಾ ಹತ್ತಿದೆ. ಹಡಪಸರದ ಟ್ರಾಫಿಕ್ಕಿನಲ್ಲಿ ರಿಕ್ಷಾ ನಿಂತಿತು. ಮೈ ಬೆವರಿತು, ಕೈ ನಡುಗಿತು. ಬ್ಯಾಗಿನಲ್ಲಿ ಫೋನು ಕುಯ್ಯೋ ಎನ್ನುತ್ತಿದ್ದರೆ ಆಫೀಸಿನದೇ ಕಾಟ ಎಂದುಕೊಂಡು ಸುಮ್ಮನಿದ್ದೆ. ಕೊನೆಗೆ ಅತ್ತೆಯ ಕರೆ ಬಂತು.

"ಶೋಭಾ, ಎಲ್ಲಿದ್ದಿ? ಸಕ್ರಿ ಭಾಳ ಇಳದದ! ಏನರ ಸೀ ತಿನ್ನು, ಲಗೂನ!"

"ಕೈಯಾಗ ಏನೂ ಇಲ್ರೀ…" ನಾಲಗೆ ತೊದಲಿತು.

"ಫೋನ್ ರಿಕ್ಷಾದವಂಗ ಕೊಡು."

ಅತ್ತೆಯ ಮರಾಠಿ ಅವರದೇ ತಯಾರಿಕೆ. ತರಕಾರಿಯವಳೂ ಅದಕ್ಕೆ ನಗುತ್ತಿದ್ದಳು. ಆ ದಿನ ಯಾರೂ ನಗಲಿಲ್ಲ. "ಭಾವೂ, ಮಾಝೀ ಸೂನ್ ಬಸುರಿ ಆಹೆ! ಸಾಖರ್ ಕಮೀ ಝಾಲೀ! ಗೋಡ್ ದ್ಯಾ, ಲಗೂನ ದ್ಯಾ!" ಸೊಸೆ ಬಸುರಿ, ಸಕ್ಕರೆ ಇಳಿದಿದೆ, ಸಿಹಿ ಕೊಡಿ ಎಂಬುದನ್ನು ರಿಕ್ಷಾದವನು ಹೇಗೋ ಹಿಡಿದ. ನಡುರಸ್ತೆಯಲ್ಲೇ ಇಳಿದು, ಹಿಂದಿನವರ ಹಾರ್ನಿಗೆ ಕೈ ತೋರಿಸಿ, ಗೆಜ್ಜೆ ಕುಣಿಸುತ್ತ ಗಾಣ ತಿರುಗುತ್ತಿದ್ದ ಕಬ್ಬಿನ ಹಾಲಿನ ಅಂಗಡಿಗೆ ಓಡಿದ. ಸೀಟಿನ ಮೇಲಿನ ಫೋನಿನಿಂದ ಅತ್ತೆ ಇಡೀ ರಸ್ತೆಗೆ ಕೇಳುವಂತೆ ಕೂಗುತ್ತಿದ್ದರು: "ಬರ್ಫ್ ನಕೋ! ಬರ್ಫ್ ನಕೋ! ಥಂಡಿ ಆಗ್ತದ ಅಕೀಗೆ!"

ಗ್ಲಾಸು ಬಂತು. "ಪೂರಾ ಕುಡಿ, ತಳದಾಗ ಬಿಡಬ್ಯಾಡ," ಎಂದರು ಅತ್ತೆ. ಪುರಣಪೋಳಿಯ ತುಂಡಿಗೆ ವಿಚಾರಣೆ ನಡೆಸಿದವರ ಅಪ್ಪಣೆಯಂತೆ ನಾನು ನಡುರಸ್ತೆಯಲ್ಲಿ ಕಬ್ಬಿನ ಹಾಲು ಕುಡಿದೆ. ರಿಕ್ಷಾದವನು, "ಆತಾ ಬರಂ ವಾಟತಂಯ್ ಕಾ, ತಾಯೀ?" ಎಂದು, ಈಗ ಹೇಗಿದೆ ಎಂದು ತಿರುತಿರುಗಿ ಕೇಳುತ್ತಿದ್ದ. ಕೈ ನಡುಕ ನಿಂತಿತು. ಹೊಟ್ಟೆಯೊಳಗಿನ ಕೂಸು ಒದ್ದಿತು. ಆಮೇಲೆ ಫೋನಿನಿಂದ ಸಣ್ಣಗೆ, "ಏರಾಕತ್ತದವಾ… ಏರಾಕತ್ತದ," ಎಂಬ ದನಿ. ನನ್ನ ಸಕ್ಕರೆ ಏರಿತೆಂದು ಅತ್ತೆ ಅಳುತ್ತಿದ್ದರು. ನಾನೂ ಅತ್ತುಬಿಟ್ಟೆ. ಅಷ್ಟು ದಿನ ಬೈದುಕೊಂಡಿದ್ದ ಆ ಬಿಲ್ಲೆಯನ್ನು ಕುಪ್ಪಸದ ತೋಳಿನ ಮೇಲಿಂದಲೇ ಒಮ್ಮೆ ಸವರಿದೆ.

ಮಗಳು ಹುಟ್ಟಿದಳು, ಗುಂಡುಗುಂಡಾಗಿ, ಆರೋಗ್ಯವಾಗಿ. ನನ್ನ ಸಕ್ಕರೆಯೂ ಹಾದಿಗೆ ಬಂತು. ಆಗಾಗ ಪರೀಕ್ಷೆ ಮಾಡಿಸುತ್ತಿರಿ ಎಂದು ಹೇಳಿ ಡಾಕ್ಟರ್ ಬಿಲ್ಲೆ ತೆಗೆಸಿದರು. ಇನ್ನು ನಿಶ್ಚಿಂತೆ ಎಂದುಕೊಂಡು ಒಂದು ದಿನ ಅಡುಗೆಮನೆಯಲ್ಲಿ ಎರಡು ಚಮಚ ಸಿಹಿ ಶಿರಾ ತಿಂದೆ. ಯಾರೂ ಕೂಗಲಿಲ್ಲ. ಇನ್ನೊಂದು ಚಮಚ ತಿಂದು ಕಾದೆ. ಮನೆಯೆಲ್ಲ ಬಿಕೋ ಎನ್ನಿಸಿತು. ತಡೆಯಲಾರದೆ ನಾನೇ ಕೂಗಿದೆ: "ಅತ್ತೀ, ನಾ ಶಿರಾ ತಿನ್ನಾಕತ್ತೇನ್ರೀ!"

ಒಳಕೋಣೆಯಿಂದ ಪಿಸುದನಿ ಬಂತು: "ತಿಂದ್ರ ತಿನ್ನವಾ. ಒದರಬ್ಯಾಡ, ಕೂಸು ಮಲಗೇದ."