ಗಂಗಕ್ಕನ ಮನೆ ಮುಂದಿನ ಫಸ್ಟ್ ಪ್ರೈಜು

ಸ್ವಲ್ಪ ಕೂತ್ಕೊಳ್ಳಿ, ಕೈಲಿರೋ ಕೆಲಸ ಬದಿಗಿಟ್ಟು ಇದನ್ನ ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋದರೆ ತಪ್ಪೆಲ್ಲ ಚೇತನ್‌ಕುಮಾರನದೇ ಅನ್ನಿಸುತ್ತದೆ. ಪೂರ್ತಿ ಕೇಳಿದ ಮೇಲೂ ಹಾಗೇ ಅನ್ನಿಸಿದರೆ ಅದು ನಿಮ್ಮಿಷ್ಟ.

ಎಲ್ಲಕ್ಕೂ ಮೂಲ ಒಂದೇ ಒಂದು ಮಾತು. "ಚಪ್ಪರ ಇದ್ದಂಗೆ ಅಕ್ಕ" ಅಂದುಬಿಟ್ಟಿದ್ದ ಅವನು.

ಹಿರಿಯೂರಿನ ಹಳೇ ಬೀದಿಯ ಈ ಹುಡುಗ ಆರ್ಕಿಟೆಕ್ಚರ್ ನಾಲ್ಕನೇ ವರ್ಷ. ಕಾಲೇಜು ಸೇರಿದಾಗಿನಿಂದ ಕಂಡಕಂಡ ಡಿಸೈನ್ ಸ್ಪರ್ಧೆಗೆಲ್ಲ ಹೆಸರು ಕೊಟ್ಟಿದ್ದ. ಪ್ರಿನ್ಸಿಪಾಲರ ರೂಮಿನ ಪಕ್ಕದ ಗಾಜಿನ ಬೀರುವಿನಲ್ಲಿ ಸೀನಿಯರ್‌ಗಳ ಕಪ್ಪುಗಳು ಮದುವೆಮನೆ ಲೋಟಗಳ ಹಾಗೆ ಸಾಲಾಗಿ ನಿಂತಿದ್ದವು. ಚೇತನನಿಗೆ ಸಿಕ್ಕಿದ್ದೆಲ್ಲ 'ಭಾಗವಹಿಸಿದ್ದಾರೆ' ಅನ್ನೋ ಸರ್ಟಿಫಿಕೇಟು. ಒಳ್ಳೆ ದಪ್ಪ ಕಾಗದ ಅಂತ ಅವನಮ್ಮ ಅವನ್ನು ಹಪ್ಪಳದ ಡಬ್ಬಿಗೆ ಹಾಸಿದ್ದಳು.

ಅಪ್ಪ ಮೂಡಲಗಿರಿಯಪ್ಪನಿಗೆ ಮಾರಿಕಣಿವೆ ಡ್ಯಾಮಿನಲ್ಲಿ ಕೆಲಸ. ಅಜ್ಜನ ಕಾಲದ ಕಲ್ಲುಕಟ್ಟೆಯನ್ನು ದಿನಾ ಕಣ್ತುಂಬ ನೋಡಿ ಬರೋ ಮನುಷ್ಯನಿಗೆ ಮಗನ ಥರ್ಮಾಕೋಲ್ ಮನೆಗಳು ಎಲ್ಲಿ ಕಣ್ಣಿಗೆ ಬೀಳಬೇಕು. "ಇಷ್ಟು ವರ್ಷದಾಗೆ ನೀನ್ ಕಟ್ಟಿದ್ದು ಅಂತ ಒಂದಾದ್ರೂ ನಿಂತೈತೇನಲೇ?" ಅಂತ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಅನ್ನ ಗಂಟಲಲ್ಲೇ ನಿಂತುಬಿಡುತ್ತಿತ್ತು. ಅದೊಂದು ನಿಲ್ಲುತ್ತಿತ್ತು, ಅಷ್ಟೇ.

ಈ ಸಲ ಹಾಗಲ್ಲ. ಬಿಚ್ಚಿ ಒಯ್ಯಬಹುದಾದ ನೆರಳು, ಅಂದರೆ ಕೆಳಗೆ ಜನ ಕೂರೋ ಅಂಥ ಮಾಡು, ಕಟ್ಟುವ ಸ್ಪರ್ಧೆ. ಇಬ್ಬರೇ ಬಿಚ್ಚಬೇಕು, ಇಬ್ಬರೇ ಮತ್ತೆ ಕಟ್ಟಬೇಕು, ಅದೂ ಜಡ್ಜ್‌ಗಳ ಕಣ್ಣೆದುರು. ಗೆದ್ದವರ ನೆರಳನ್ನು ಮಾರಿಕಣಿವೆಗೆ ಭಾನುವಾರ ಬರೋ ಜನ ಕೂರೋದಕ್ಕೆ ಅಂತ ನಿಜವಾಗಲೂ ಕಟ್ಟಿಸುತ್ತಾರೆ. ಅಪ್ಪ ದಿನಾ ಓಡಾಡೋ ದಾರಿಯಲ್ಲೇ. ಚೇತನನೂ ಅವನ ಜೊತೆ ಓದೋ ಹೊಳಲ್ಕೆರೆಯ ಬಿಂದುವೂ ಜೋಡಿಯಾಗಿ ಕೊನೇ ಸುತ್ತಿಗೆ ಬಂದಿದ್ದರು. ಶುಕ್ರವಾರ ಮಧ್ಯಾಹ್ನ ದುರ್ಗಕ್ಕೆ ಒಯ್ದು ಕಟ್ಟಿ ತೋರಿಸಬೇಕಿತ್ತು.

ಹಿಂದಿನ ದಿನ ಒಂದ್ಸಲ ನಿಲ್ಲಿಸಿ ನೋಡೋಣ ಅಂದರೆ ಚೇತನನ ಮನೆ ಮುಂದೆ ಸ್ಕೂಟರ್ ನಿಲ್ಲಿಸಲೂ ಜಾಗವಿಲ್ಲ. ಬೀದಿ ಸ್ವಲ್ಪ ಅಗಲ ಇರೋದು ಗಂಗಕ್ಕನ ಮನೆ ಮುಂದೆ ಮಾತ್ರ. ಬಿದಿರಿನ ಗಳ, ಭೀಮಸಮುದ್ರದಿಂದ ತಂದ ಅಡಿಕೆ ಹಾಳೆ ಹೊತ್ತು ಹೋಗಿ ಕೇಳಿದ. ಏನಪ್ಪ ಅದು ಅಂತ ಗಂಗಕ್ಕ ವಿಚಾರಿಸಿದಳು. ಭಾರ ಹೇಗೆ ಒಂದು ಗಳದಿಂದ ಇನ್ನೊಂದಕ್ಕೆ ಹರಿಯುತ್ತದೆ ಅಂತ ಚೇತನ್ ಬಾಯಿ ತೆಗೆದ. ಗಂಗಕ್ಕನ ಕಣ್ಣು ಒಲೆ ಮೇಲಿನ ಹಾಲಿನ ಕಡೆ ಹೋಯಿತು. ಆಗ ಅಂದ, ಚಪ್ಪರ ಇದ್ದಂಗೆ ಅಕ್ಕ, ಬೆಳಗ್ಗೆ ಬಿಚ್ಕಂಡು ಹೋಗ್ತೀವಿ.

ಮೊದಲರ್ಧ ಮಾತ್ರ ಅವಳ ಕಿವಿಗೆ ಹೋಗಿತ್ತು.

ಸಂಜೆ ಹೊತ್ತಿಗೆ ನೆರಳು ನಿಂತಿತು. ಎರಡು ಕಾಲು ಗಂಗಕ್ಕನ ಕಡೆ, ಎರಡು ಕಾಲು ಎದುರುಮನೆ ಶಾಂತಕ್ಕನ ಕಡೆ, ಬೀದಿಗೆ ಅಡ್ಡಲಾಗಿ. ಶಾಂತಕ್ಕನ ಮನೆಗೆ ಸುಣ್ಣಬಣ್ಣ ನಡೆಯುತ್ತಿತ್ತು. ಕೈಯಲ್ಲಿ ಬ್ರಷ್ ಹಿಡಿದೇ ಬಂದು ಕೆಳಗೆ ನಿಂತು ನೋಡಿದಳು. ಮಳೆ ಬಂದರೆ ಸೋರುತ್ತದಾ, ಎಷ್ಟು ಜನ ಕೂರಬಹುದು, ಗಾಳಿಗೆ ಅಲ್ಲಾಡುತ್ತದಾ ಅಂತ ಒಂದೊಂದೇ ಕೇಳಿದಳು. ಈ ಬೀದಿಯಲ್ಲೂ ಆರ್ಕಿಟೆಕ್ಚರ್ ಅರ್ಥವಾಗೋ ಜೀವ ಒಂದಿದೆ ಅಂತ ಚೇತನನಿಗೆ ಎದೆ ತುಂಬಿ ಬಂತು.

ಬೆಳಗ್ಗೆ ಹಲ್ಲುಜ್ಜುತ್ತ ಬಂದವನು ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಿಂತ. ಅವನ ನೆರಳಿಗೆ ಮಾವಿನ ತೋರಣ ಕಟ್ಟಿತ್ತು. ಬಲಗಡೆ, ಗಂಗಕ್ಕನ ಮನೆ ಕಡೆಯ ಒಂದು ಕಾಲಿಗೆ ಅರಿಶಿನ ಕುಂಕುಮ, ಅರಿಶಿನದ ಕೊಂಬು ಕಟ್ಟಿದ ದಾರ, ಬುಡದಲ್ಲಿ ಹಾಲು, ಒಡೆದ ತೆಂಗಿನಕಾಯಿ. ಐದು ಜನ ಮುತ್ತೈದೆಯರು ಆರತಿ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದರು.

ವಿಷಯ ಇಷ್ಟು. ಭಾನುವಾರ ಗಂಗಕ್ಕನ ಮಗಳು ಶಾಲಿನಿಯ ಮದುವೆ. ಚಪ್ಪರದವನು ಹೊಸದುರ್ಗದಲ್ಲಿ ಇನ್ನೊಂದು ಮದುವೆ ಹಿಡಿದುಕೊಂಡು ಕೈಕೊಟ್ಟಿದ್ದ. ಮುಹೂರ್ತ ಜಾರುತ್ತಿತ್ತು. ಬಾಗಿಲು ತೆಗೆದರೆ ಎದುರಿಗೇ ಚಪ್ಪರ ನಿಂತಿದೆ. ದೇವರೇ ಚೇತನನ ಕೈಲಿ ಕಳಿಸಿದ್ದಾನೆ ಅಂತ ಗಂಗಕ್ಕ ಆ ಕಾಲನ್ನೇ ಹಂದರಗಂಬ ಮಾಡಿ ಪೂಜೆ ಮುಗಿಸಿಬಿಟ್ಟಿದ್ದಳು. ಪೂಜೆಯಾದ ಕಂಬವನ್ನು ಮದುವೆ ಮುಗಿಯೋತನಕ ಅಲ್ಲಾಡಿಸೋ ಹಾಗಿಲ್ಲ. ಅದು ಈ ಬೀದಿಯ ಎಮ್ಮೆಗಳಿಗೂ ಗೊತ್ತು. ಮೈ ಉಜ್ಜೋಕೆ ಬೇರೆ ಕಂಬ ನೋಡಿಕೊಳ್ಳುತ್ತವೆ.

"ಗಂಗಕ್ಕ, ಇವತ್ತು ಇದನ್ನ ದುರ್ಗಕ್ಕೆ ತಗಂಡ್ ಹೋಗ್ಬೇಕು."

"ಹಂದರಗಂಬ ಕಿತ್ತರೆ ನನ್ ಮಗಳ ಬಾಳು ಏನಾಗ್ಬೇಕಪ್ಪ? ನೀನೂ ಅವಳಿಗೆ ಅಣ್ಣ ಇದ್ದಂಗೆ. ಬಾ, ಕಾಫಿ ಕುಡಿ."

ಅಷ್ಟರಲ್ಲಿ ಬಸ್ಸಿಳಿದು ಬಿಂದು ಬಂದಳು. ಹಿಂದೆಯೇ ಸಣ್ಣಪ್ಪನ ಗೂಡ್ಸ್ ಟೆಂಪೋ ಬಂತು. ಸಣ್ಣಪ್ಪ ಗಳ ಹೊರೋಕೆ ಅಂತ ತೋಳು ಮಡಚಿಕೊಂಡೇ ಇಳಿದಿದ್ದ. ಕಂಬದ ಕುಂಕುಮ ಕಂಡದ್ದೇ ಚಪ್ಪಲಿ ಬಿಟ್ಟು ಕೈಮುಗಿದು, ಮಡಚಿದ ತೋಳು ಇಳಿಸಿಕೊಂಡ. ತನ್ನ ಗಾಡಿಯ ಕಂತು ಇನ್ನೂ ತೀರಿಲ್ಲ, ಇಂಥ ಪಾಪ ಹೇರಿಕೊಂಡು ಹೈವೇಲಿ ಹೋಗಲಾರೆ ಅಂದು, ತೋರಣ ಒಂದು ಕಡೆ ಜೋತುಬಿದ್ದಿದೆ ಅಂತ ಸರಿಮಾಡೋಕೆ ನಿಂತ.

ಬೀದಿ ಎರಡು ಪಾಲಾಯಿತು. ಒಂದು ಕಡೆ ಎಲ್ಲರೂ. ಇನ್ನೊಂದು ಕಡೆ ಚೇತನ್, ಬಿಂದು, ಮತ್ತೆ ಶಾಂತಕ್ಕ. ಹೌದು, ಶಾಂತಕ್ಕ ಒಬ್ಬಳೇ ಇವನ ಪರ ನಿಂತಳು. ಓದೋ ಹುಡುಗರ ಹೊಟ್ಟೆ ಮೇಲೆ ಹೊಡೀಬೇಡ ಅಂತ ಗಂಗಕ್ಕನ ಜೊತೆ ಜಗಳಕ್ಕೇ ಇಳಿದಳು. ಕೊನೆಗೆ, ಶಾಸ್ತ್ರ ತಿಳಿದವರನ್ನ ಕೇಳು ಹೋಗು ಅಂತ ಚೇತನನನ್ನು ಅಟ್ಟಿದವಳೂ ಅವಳೇ.

ಚೇತನ್ ಬೈಕಿನಲ್ಲಿ ಹೋಗಿ ಮದುವೆ ಮಾಡಿಸೋ ರೇವಣಸಿದ್ದಪ್ಪನವರನ್ನು ಹತ್ತಿಸಿಕೊಂಡು ಬಂದ. ಅಯ್ಯನವರು ಕಂಬದ ಸುತ್ತ ಒಂದು ಸುತ್ತು ಬಂದರು, ಪಂಚಾಂಗ ತೆಗೆದರು, ಮಡಚಿದರು, ಗಂಗಕ್ಕ ಕೊಟ್ಟ ಉಪ್ಪಿಟ್ಟು ತಿಂದು ಕೈ ತೊಳೆದರು. ಆಮೇಲೆ ಬಾಯಿ ಬಿಟ್ಟರು. ಇವತ್ತು ಬಹಳ ಒಳ್ಳೇ ದಿನ, ಇದು ಬಿಟ್ಟರೆ ಬರೋ ತಿಂಗಳು ಮುಗಿಯೋತನಕ ಚಪ್ಪರಕ್ಕೆ ದಿನವೇ ಇಲ್ಲ, ಹಾಗಾಗಿ ಗಂಗಕ್ಕ ಮಾಡಿದ್ದು ಸರಿ. ಆದರೆ ಪೂಜೆ ಆಗಿರೋದು ಒಂದೇ ಕಂಬಕ್ಕೆ.

"ಆ ಒಂದು ಗಳ ಬಿಟ್ಟು ಮಿಕ್ಕಿದ್ದು ನೀನ್ ತಗಂಡ್ ಹೋಗಪ್ಪ. ಶಾಸ್ತ್ರಕ್ಕೇನೂ ಬಾಧೆ ಇಲ್ಲ."

ಚೇತನ್ ಅವರ ಕಾಲಿಗೆ ಬಿದ್ದ. ಎದ್ದು ನೋಡಿದರೆ ಬಿಂದು ಹಣೆ ಹಿಡಿದುಕೊಂಡು ಕೂತಿದ್ದಳು.

"ನಮ್ಮ ಪೋಸ್ಟರ್‌ನಾಗೆ ಏನ್ ಬರ್ದಿದೀಯ, ನೆನಪೈತಾ?" ಅಂದಳು.

ನೆನಪಾಯಿತು. ಒಂದಕ್ಕೊಂದು ಆತುಕೊಂಡೇ ನಿಲ್ಲುವ ಗಳಗಳು, ಮೊಳೆ ಇಲ್ಲ, ಬೋಲ್ಟ್ ಇಲ್ಲ, ಒಂದು ಗಳ ತೆಗೆದರೂ ಇನ್ನೊಂದು ನಿಲ್ಲದು. ಅದೇ ಈ ಡಿಸೈನಿನ ಹೆಚ್ಚುಗಾರಿಕೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದ. ಆ ಸಾಲಿಗೇ ಕೊನೇ ಸುತ್ತು ಸಿಕ್ಕಿತ್ತು.

ಆದರೂ ಆಸೆ. ಪೂಜೆಯಾದ ಕಂಬ ಬಿಟ್ಟು ಅದರ ಪಕ್ಕದ್ದನ್ನು ಮೆಲ್ಲಗೆ ಒಂದು ಗೇಣು ಎಳೆದ. ಇಡೀ ಮಾಡು ಕೂರೋಕೆ ಹೊರಟ ಹಸುವಿನ ಹಾಗೆ ಮುಂಗಾಲು ಮಡಿಸಿತು. ತೋರಣ ಅಯ್ಯನವರ ಕೊರಳಿಗೆ ಹಾರದ ಹಾಗೆ ಬಿತ್ತು. ಒಳಗಿಂದ ಮದುಮಗಳು ಅರಿಶಿನದ ಮುಖದಲ್ಲೇ ಓಡಿಬಂದಳು. ನೆಂಟರೆಲ್ಲ ಸೇರಿ ಎತ್ತಿಹಿಡಿದು ಗಳವನ್ನು ವಾಪಸ್ ತಳ್ಳಿದರು. ಅಲ್ಲಿಗೆ ಸುಮ್ಮನಾದರೇ? ಹುಡುಗರು ಕಟ್ಟಿದ್ದು ಸಡಿಲ ಐತೆ ಅಂತ ಗಂಗಕ್ಕನ ತಮ್ಮ ಪ್ರತಿಯೊಂದು ಸಂದಿಗೂ ತೆಂಗಿನ ಹಗ್ಗ ಬಿಗಿದ. ಎರಡೂ ಕಡೆ ಬಾಳೆಕಂದು ಬಂತು, ಸೀರಿಯಲ್ ಲೈಟ್ ಬಂತು, 'ಸುಸ್ವಾಗತ' ಬಂತು. ಇಬ್ಬರೇ ಬಿಚ್ಚಬೇಕಾದ ನೆರಳನ್ನು ಇನ್ನು ಬಿಚ್ಚೋಕೆ ಒಂದು ಊರೇ ಬೇಕು ಅನ್ನೋ ಹಾಗಾಯಿತು.

ಚೇತನ್ ಕಾಲೇಜಿನ ಮೇಷ್ಟ್ರಿಗೆ ಫೋನ್ ಮಾಡಿದ. ಮೇಷ್ಟ್ರು ಮೊದಲು ನಗು ತಡೆದುಕೊಂಡರು, ಆಮೇಲೆ ತಡೆದುಕೊಳ್ಳಲಿಲ್ಲ, ಆಮೇಲೆ ಒಂದು ಉಪಾಯ ಹೇಳಿದರು. ಮುಖ್ಯ ಜಡ್ಜ್ ಬೆಂಗಳೂರಿಂದ ಕಾರಿನಲ್ಲಿ ಬರುತ್ತಿದ್ದಾರೆ, ಹಿರಿಯೂರು ದಾರೀಲೇ ಸಿಗುತ್ತದೆ, ಅಲ್ಲೇ ಇಳಿದು ನೋಡಲಿ.

ಜಡ್ಜ್ ಅನುಸೂಯ ಮೇಡಂ ಖಾದಿ ಸೀರೆ ಉಟ್ಟು, ಬಿಗಿಮುಖ ಮಾಡಿಕೊಂಡು ಬೀದಿಗೆ ಬಂದರು. ಸ್ಪರ್ಧೆಯ ನೆರಳು ಎಲ್ಲಿ ಅಂತ ಹುಡುಕಿದರು. ಅದರ ಕೆಳಗೇ ನಿಂತಿದ್ದರು. ಗಂಗಕ್ಕ ಅವರನ್ನು ಗಂಡಿನ ಕಡೆಯವರು ಅಂದುಕೊಂಡು ಹೂವು ಮುಡಿಸಿ, ಚಾಪೆ ಹಾಸಿ, ಕುಂತ್ಕಳ್ರಿ ಅಂತ ತೋಳು ಹಿಡಿದು ಕೂರಿಸಿಯೇಬಿಟ್ಟಳು. ಕೈಗೆ ಕೇಸರಿಬಾತು ಬಂತು. ಚೇತನ್ ಕಣ್ಣು ಮುಚ್ಚಿಕೊಂಡ.

ಮೇಡಂ ತಲೆಯೆತ್ತಿ ನೋಡಿದರು. ಹಾಳೆಗಳ ಸಂದಿಯಿಂದ ಬಿಸಿಲು ಇಳಿದು ಅಜ್ಜಿಯರ ತಲೆ ಮೇಲೆ, ಬಿಡಿಸಿಟ್ಟ ಬೆಳ್ಳುಳ್ಳಿ ಮೇಲೆ, ಮಲಗಿದ್ದ ಕೂಸಿನ ಹೊಟ್ಟೆ ಮೇಲೆ ಬಿದ್ದಿತ್ತು. ಹೊರಗೆ ಹಿರಿಯೂರಿನ ಬಿಸಿಲು ಕಾದ ಹೆಂಚಿನ ಹಾಗಿತ್ತು, ಕೆಳಗೆ ತಣ್ಣಗಿತ್ತು. ಕೇಸರಿಬಾತು ಪಕ್ಕಕ್ಕಿಟ್ಟು ಅಂದರು: "ಎಷ್ಟೋ ವರ್ಷದಿಂದ ಈ ಸ್ಪರ್ಧೆ ನೋಡ್ತಿದೀನಿ ಚೇತನ್. ಕೆಳಗೆ ಮನುಷ್ಯರು ಕೂತಿರೋದು ಇದೇ ಮೊದಲು. ಮಿಕ್ಕವರ ಪೋಸ್ಟರ್‌ಗಳನ್ನೂ ನೋಡಿದೀನಿ, ನನ್ನ ಮಟ್ಟಿಗೆ ಫಸ್ಟ್ ಪ್ರೈಜ್ ನಿಮ್ಮದೇ."

ಬಿಂದು ಚೇತನನ ಕೈ ಚಿವುಟಿದಳು. ಕನಸಲ್ಲ.

"ಒಂದ್ಸಲ ಬಿಚ್ಚಿ ಕಟ್ಟಿ ತೋರಿಸಿಬಿಡಿ. ನಿಯಮ ನೋಡಿ, ಅದಿಲ್ಲದೆ ನಾನು ಸಹಿ ಹಾಕೋ ಹಾಗಿಲ್ಲ."

ಗಂಗಕ್ಕ ಸೌಟು ಹಿಡಿದು ಕಂಬಕ್ಕೆ ಅಡ್ಡ ನಿಂತಳು. ಇವರು ಗಂಡಿನ ಕಡೆಯವರಲ್ಲ, ಕಂಬ ಕೀಳಿಸೋಕೆ ಬಂದವರು ಅಂತ ಆಗ ಅವಳಿಗೆ ಹೊಳೆದಿತ್ತು. ನೆಂಟರೆಲ್ಲ ತಟ್ಟೆ ಕೆಳಗಿಟ್ಟು ಅವಳ ಹಿಂದೆ ನಿಂತರು. ಸಣ್ಣಪ್ಪ ಮಾತ್ರ ಇನ್ನೊಂದು ಚೂರು ಕೇಸರಿಬಾತು ಹಾಕಿಸಿಕೊಂಡ.

ಮುರುಟಿಹೋಗುತ್ತಿದ್ದ ಚೇತನನನ್ನು ಎತ್ತಿ ನಿಲ್ಲಿಸಿದ್ದು ಮತ್ತೆ ಶಾಂತಕ್ಕನೇ. ಸುಣ್ಣದ ಕೈ ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. ಭಾನುವಾರ ಮದುವೆ ಮುಗಿಯುತ್ತದೆ, ಸೋಮವಾರ ಬಿಚ್ಚಲಿ, ಅಮ್ಮಾವರು ಅವತ್ತು ಬಂದು ನೋಡಲಿ, ಯಾರಿಗೂ ತೊಂದರೆ ಇಲ್ಲ ಅಂತ ವಕೀಲರ ಹಾಗೆ ಬಿಡಿಸಿಟ್ಟಳು. ಮೇಡಂ ಯೋಚಿಸಿ ಒಪ್ಪಿದರು. ದುರ್ಗದಲ್ಲಿ ಎರಡು ದಿನ ಕೆಲಸವಿದೆ, ಸೋಮವಾರ ಇದೇ ದಾರೀಲಿ ವಾಪಸ್. ಆದರೆ ಅವತ್ತೂ ಬಿಚ್ಚದಿದ್ದರೆ ಬಹುಮಾನ ಎರಡನೆಯವರಿಗೆ ಹೋಗುತ್ತದೆ, ಬೇಜಾರು ಮಾಡಿಕೊಳ್ಳಬಾರದು ಅಂದರು.

"ಹಂಗಾರೆ ಸೋಮವಾರದ ತನಕ ಇದು ಇಲ್ಲೇ ಇರ್ತೈತೆ, ಯಾರೂ ಕೀಳಂಗಿಲ್ಲ ತಾನೆ?" ಅಂತ ಶಾಂತಕ್ಕ ಇನ್ನೊಮ್ಮೆ ಖಾತ್ರಿ ಮಾಡಿಕೊಂಡಳು.

"ಯಾರೂ ಕೀಳಂಗಿಲ್ಲ ಶಾಂತಕ್ಕ. ನಿಮ್ ಋಣ ತೀರ್ಸಾಕಾಗಲ್ಲ," ಅಂದ ಚೇತನ್.

ಮೇಡಂ ಕಾರನ್ನು ಹೈವೇತನಕ ಬಿಟ್ಟು, ಬಿಂದುವನ್ನು ಬಸ್ ಹತ್ತಿಸಿ, ಅರ್ಧ ಕೇಜಿ ಜಿಲೇಬಿ ಕಟ್ಟಿಸಿಕೊಂಡು ಅವನು ವಾಪಸ್ ಬಂದ. ಬೀದಿ ತಿರುವಿನಲ್ಲೇ ಅಪ್ಪ ಕಂಡ. ಡ್ಯೂಟಿ ಮುಗಿಸಿ ಬಂದ ಮೂಡಲಗಿರಿಯಪ್ಪ ಆ ನೆರಳಿನ ಕೆಳಗೆ, ಗಳ ಗಳ ಸೇರೋ ಜಾಗವನ್ನು ಕತ್ತೆತ್ತಿ ನೋಡುತ್ತ ನಿಂತಿದ್ದ. ಅಪ್ಪ ಡ್ಯಾಮನ್ನು ನೋಡೋದು ಹಾಗೆ.

"ಚೆನ್ನಾಗಿ ಕಟ್ಟೀಯ ಕಣಲೇ," ಅಂದ.

ಚೇತನನ ಕೈಯಿಂದ ಜಿಲೇಬಿ ಪೊಟ್ಟಣ ಜಾರಿತು. ಹಿಡಿದುಕೊಳ್ಳೋಕೆ ಅಂತ ಬಗ್ಗಿದ. ಬಗ್ಗಿದಾಗ ಕಂಡಿತು. ಎಡಗಡೆ, ಶಾಂತಕ್ಕನ ಮನೆ ಕಡೆಯ ಕಾಲಿನ ಬುಡದಲ್ಲಿ ಹಾಲು. ಇನ್ನೂ ಹಸಿಯಾಗಿತ್ತು. ಮೇಲೆ ಅರಿಶಿನ ಕುಂಕುಮ, ಅರಿಶಿನದ ಕೊಂಬು ಕಟ್ಟಿದ ಹೊಸ ದಾರ. ಪಕ್ಕದಲ್ಲಿ ಶಾಂತಕ್ಕ ಆರತಿ ತಟ್ಟೆ ಹಿಡಿದು, ಸುಣ್ಣ ಕಂಡ ಗೋಡೆಯಷ್ಟೇ ಬೆಳ್ಳಗೆ ನಗುತ್ತ ನಿಂತಿದ್ದಳು.

"ನಮ್ ಹುಡುಗನ ಲಗ್ನ ಬರೋ ತಿಂಗಳು ಕಣಪ್ಪ. ಇವತ್ತು ಬಿಟ್ರೆ ಚಪ್ಪರಕ್ಕೆ ದಿನ ಇಲ್ಲ ಅಂತ ಅಯ್ನೋರು ನಿನ್ ಎದುರ್ಗೇ ಅಂದ್ರಲ್ಲ. ಗಂಗಕ್ಕನ ಕಂಬ ನೀನ್ ಸೋಮವಾರ ಧಾರಾಳವಾಗಿ ತಗಂಡ್ ಹೋಗು. ಅದಕ್ಕೆ ನಾನ್ಯಾಕೆ ಅಡ್ಡ ಬರ್ಲಿ?"

ಚೇತನ್ ಅಪ್ಪನ ಕಡೆ ತಿರುಗಿದ. ಮೂಡಲಗಿರಿಯಪ್ಪನ ಕೈಯಲ್ಲಿ ತೆಂಗಿನಕಾಯಿಯ ಅರ್ಧ ಹೋಳಿತ್ತು.

"ಕಾಯಿ ನಾನೇ ಒಡ್ದೆ ಕಣಲೇ," ಅಂದ ಅಪ್ಪ, ಕಣ್ಣು ಇನ್ನೂ ಮಾಡಿನ ಮೇಲೇ ಇಟ್ಟುಕೊಂಡು. "ಇಷ್ಟ್ ವರ್ಷಕ್ಕೆ ನೀನ್ ಕಟ್ಟಿದ್ದು ಒಂದು ನಿಂತೈತೆ. ಅದನ್ನ ಬಿಚ್ಚಾದ್ಯಾಕೆ, ಬಿಡು."

ಸೋಮವಾರ ಮೇಡಂ ಬರುತ್ತಾರೆ. ಪೆನ್ನು ಅವರ ಕೈಯಲ್ಲಿ, ಕಂಬ ಶಾಂತಕ್ಕನ ಕೈಯಲ್ಲಿ, ತೆಂಗಿನಕಾಯಿ ಅಪ್ಪನ ಕೈಯಲ್ಲಿ, ಚೇತನನ ಕೈಯಲ್ಲಿ ಮಣ್ಣು ಹತ್ತಿದ ಜಿಲೇಬಿ. ಪೂರ್ತಿ ಕೇಳಿದಿರಲ್ಲ, ಈಗ ನೀವೇ ಹೇಳಿ. ಅವನ ಜಾಗದಲ್ಲಿ ನೀವಿದ್ದಿದ್ದರೆ, ಇಷ್ಟು ವರ್ಷಕ್ಕೆ ಒಂದು ಸಲ ಚೆನ್ನಾಗಿದೆ ಅಂದ ಅಪ್ಪನ ಎದುರಿಗೆ ಆ ಗಳ ಕೀಳ್ತಿದ್ರಾ?