ಆಯ್ತು ಎನ್ನದ ಯಂತ್ರ

ನಾನು ಸುಲಭಕ್ಕೆ ನಂಬುವ ಪೈಕಿಯಲ್ಲ. ಬೀಗ ಹಾಕಿದ ಮೇಲೆ ಎಳೆದು ನೋಡುತ್ತೇನೆ. ಎಳೆದದ್ದರಿಂದಲೇ ಸಡಿಲವಾಯಿತೇನೋ ಎಂದು ಮತ್ತೆ ಎಳೆಯುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬನಶಂಕರಿ ಬಸ್ ನಿಲ್ದಾಣದಿಂದ ಮನೆಗೆ ಓಡಿ ಬಂದು, ಆ ಗಡಿಬಿಡಿಯಲ್ಲಿ ಬಾಗಿಲನ್ನೇ ಹಾಕದೆ ಹೊರಟದ್ದೂ ಉಂಟು. ಇಂಥವನಿಗೆ ಲೋಕ ಮಾಡಬಹುದಾದ ಉಪಕಾರ ಒಂದೇ: ಕೆಲಸ ಮುಗಿದ ಮೇಲೆ ಬಾಯಿಬಿಟ್ಟು ‘ಆಯ್ತು’ ಎನ್ನುವುದು. ಪ್ಲಂಬರ್ ಅನ್ನುತ್ತಾನೆ, ಪುರೋಹಿತರು ಅನ್ನುತ್ತಾರೆ, ಹಲ್ಲು ಕಿತ್ತ ಡಾಕ್ಟರೂ ಅನ್ನುತ್ತಾರೆ. ಅನ್ನದೇ ಇರುವುದು, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಒಂದೇ.

ಲಿನಕ್ಸ್ ನಮ್ಮ ಮನೆಗೆ ಬಂದದ್ದು ಅತ್ತೆಯವರ ಹಾಡಿನ ದೆಸೆಯಿಂದ. ಮದುಮಕ್ಕಳನ್ನು ಹಸೆಮಣೆಗೆ ಕರೆಯುವ ಹಾಡುಗಳಿವೆಯಲ್ಲ, ಅವುಗಳಲ್ಲಿ ನಮ್ಮತ್ತೆಯದು ಎತ್ತಿದ ಕೈ. ಹಿಂದೊಮ್ಮೆ ನನ್ನ ಹೆಂಡತಿ ಸುಮಾ ಅವನ್ನೆಲ್ಲ ಹಾಡಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದಳು. ಈಗ ಅತ್ತೆಗೆ ಎರಡು ಮಾತಾಡಿದರೆ ಕೆಮ್ಮು. ಮುಂದಿನ ತಿಂಗಳು ನಮ್ಮ ಮಗಳು ನಿಧಿಯ ಮದುವೆ. “ಅಜ್ಜಿ ಹಾಡಿಲ್ದೆ ನಾನು ಹಸೆಗೆ ಬರಲ್ಲ” ಎಂದು ಅವಳ ಹಟ. ಲ್ಯಾಪ್‌ಟಾಪೋ, ಅತ್ತೆಗಿಂತ ಜೋರಾಗಿ ಕೆಮ್ಮುತ್ತಿತ್ತು. ಇನ್ನೊಂದು ನಕಲು ಎಲ್ಲಿಯೂ ಇಲ್ಲ. ನಮ್ಮ ಹಾಡನ್ನು ಇಂಟರ್ನೆಟ್ಟಿಗೆ ಹಾಕಿ ಕಾಣದ ಊರಿನ ಯಾರದೋ ಯಂತ್ರದಲ್ಲಿ ಇಡುವುದಕ್ಕೆ ಅನುಮಾನಪಟ್ಟು ಅಡ್ಡಗಾಲು ಹಾಕಿದವನು ನಾನೇ.

ಉತ್ತರಹಳ್ಳಿಯಿಂದ ಸುಮಾಳ ತಮ್ಮ ರಘು ಬಂದ. ಹಾಡುಗಳಿಗೆ ಕೈ ತಗುಲದಂತೆ ಅದೇನೋ ಮಾಡಿ, ಹಳೇ ಯಂತ್ರಕ್ಕೆ ಹಗುರವೆಂದು ಲಿನಕ್ಸ್ ಹಾಕಿದ. “ಇದ್ರಲ್ಲಿ ಐಕಾನ್ ಗೀಕಾನ್ ಬರಲ್ಲ ಭಾವ. ಏನ್ ಬೇಕೋ ಟೈಪ್ ಮಾಡಿ ಹೇಳ್ಬೇಕು. ಡಿಸ್ಕ್ ಕೈಕೊಡೋ ಮೊದ್ಲು ಹಾಡು ಪೆನ್‌ಡ್ರೈವ್‌ಗೆ ಹಾಕ್ಕೊಂಬಿಡೋಣ” ಎಂದ. ನಾನು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ, ಪೆನ್‌ಡ್ರೈವ್ ಅಸಲಿಯೋ ನಕಲಿಯೋ ಎಂದು ಅಂಗಡಿಯವನ ಜೀವ ತಿಂದು ವಾಪಸ್ಸಾಗುವಷ್ಟರಲ್ಲಿ ಅವನು ಕಾದು ಸಾಕಾಗಿ ಹೊರಟುಹೋಗಿದ್ದ. ಇನ್ನು ಫೋನೇ ಗತಿ.

ಕಪ್ಪು ಪರದೆ ಪಾಸ್‌ವರ್ಡ್ ಕೇಳಿತು. ಒತ್ತಿದೆ. ಒಂದು ಚುಕ್ಕಿಯೂ ಮೂಡಲಿಲ್ಲ.

“ಕೀಬೋರ್ಡ್ ಸತ್ತಿದೆ ಕಣೋ.”

“ಕಾಣಲ್ಲ ಭಾವ. ಪಕ್ಕದಲ್ಲಿರೋರು ನೋಡ್ಬಾರ್ದು ಅಂತ.”

“ಪಕ್ಕದಲ್ಲಿರೋದು ನಿಮ್ಮಮ್ಮ.”

“ಅಮ್ಮಂಗೂ ಕಾಣ್ಬಾರ್ದು.”

ನನಗಿಂತ ಹೆಚ್ಚು ಅನುಮಾನದ ಪ್ರಾಣಿಯನ್ನು ಮೊದಲ ಸಲ ಕಂಡು ಸ್ವಲ್ಪ ಗೌರವವೇ ಮೂಡಿತು.

ಮುಂದೆ ರಘು ಪಿಡಬ್ಲ್ಯೂಡಿ ಎಂದು ಒತ್ತಲು ಹೇಳಿದ. ಅದು ರಸ್ತೆ ಮಾಡುವವರ ಹೆಸರಲ್ಲವೇ ಎಂದೆ. ಇಲ್ಲಿ ಅದು, ನಾವು ಯಾವ ಫೋಲ್ಡರಿನಲ್ಲಿ ನಿಂತಿದ್ದೇವೆಂದು ಹೇಳುತ್ತದಂತೆ. ಎಲ್‌ಎಸ್ ಎಂದರೆ ಅಲ್ಲಿ ಏನೇನಿದೆ ಎಂದು ತೋರಿಸುತ್ತದೆ. ಒತ್ತಿದೆ, ಇಂಗ್ಲಿಷ್ ಅಕ್ಷರಗಳಲ್ಲಿ ‘ಹಸೆ ಹಾಡು’ ಎಂಬ ಫೋಲ್ಡರ್ ಕಂಡಿತು. ನಕಲು ಮಾಡಲು ಸಿಪಿ. ಫೋಲ್ಡರಾದ್ದರಿಂದ ಪಕ್ಕದಲ್ಲಿ ಮೈನಸ್ ಆರ್, ಕೊನೆಗೆ ಚುಚ್ಚಿದ ಪೆನ್‌ಡ್ರೈವಿನ ವಿಳಾಸ. ಒತ್ತಿದರೆ ಯಂತ್ರ, ‘ಹಸೆ’ ಎಂಬುದು ಇಲ್ಲ, ‘ಹಾಡು’ ಎಂಬುದೂ ಇಲ್ಲ ಎಂದು ಬೇರೆಬೇರೆಯಾಗಿ ಕೈಯಲ್ಲಾಡಿಸಿತು. ರಘುವಿಗೆ ಅದನ್ನೇ ಓದಿ ಹೇಳಿದೆ.

“ನಡುವೆ ಜಾಗ ಬಿಟ್ರೆ ಎರಡು ಅಂದ್ಕೊಳತ್ತೆ ಭಾವ. ಎರಡಕ್ಕೂ ಸೇರ್ಸಿ ಕೊಟೇಶನ್ ಮಾರ್ಕ್ ಹಾಕಿ. ಮತ್ತೆ ಆರ್‌ಎಂ ಅಂತ ಮಾತ್ರ ಒತ್ಬೇಡಿ, ಅದು ಅಳಿಸೋದು. ಕೇಳೋದೂ ಇಲ್ಲ, ಹೇಳೋದೂ ಇಲ್ಲ.”

ಕೊಟೇಶನ್ ಹಾಕಿ ಒತ್ತಿದೆ. ಡಿಸ್ಕ್ ಒಂದಷ್ಟು ಹೊತ್ತು ಟಕ್ ಟಕ್ ಎಂದು ತೆಪ್ಪಗಾಯಿತು. ಮುಂದಿನ ಅಪ್ಪಣೆಗೆ ಕಾಯುವಂತೆ ಡಾಲರ್ ಗುರುತೊಂದು ಬಂದು ನಿಂತಿತು. ಅಷ್ಟೇ.

“ಏನೂ ಹೇಳ್ತಿಲ್ವಲ್ಲೋ.”

“ಏನೂ ಹೇಳ್ಲಿಲ್ಲ ಅಂದ್ರೆ ಕೆಲಸ ಆಯ್ತು ಅಂತ.”

ನಮ್ಮ ಮನೆಯಲ್ಲಿ ಯಾರಾದರೂ ಏನೂ ಹೇಳಲಿಲ್ಲ ಎಂದರೆ ಅದರ ಅರ್ಥವೇ ಬೇರೆ. ಅದಿರಲಿ, ಅಳಿಸಿದರೂ ಮಾತಾಡದ, ನಕಲು ಮಾಡಿದರೂ ಮಾತಾಡದ ಯಂತ್ರ ಎರಡರಲ್ಲಿ ಯಾವುದನ್ನು ಮಾಡಿದೆ ಎಂದು ತಿಳಿಯುವುದು ಹೇಗೆ? ಎಲ್‌ಎಸ್ ಒತ್ತಿದರೆ ಪೆನ್‌ಡ್ರೈವಿನಲ್ಲಿ ಹಾಡಿನ ಹೆಸರುಗಳೆಲ್ಲ ಕಂಡವು. ಹೆಸರಿದ್ದರೆ ಒಳಗೆ ಹಾಡು ಇದೆ ಎಂದು ಏನು ಗ್ಯಾರಂಟಿ? ಬೋರ್ಡ್ ಇದ್ದ ಮಾತ್ರಕ್ಕೆ ಮನೆಯಲ್ಲಿ ಜನ ಇರುತ್ತಾರೆಯೇ?

ಪೆನ್‌ಡ್ರೈವ್ ಕಿತ್ತು ಟಿವಿಗೆ ಚುಚ್ಚಿದೆ. ಅತ್ತೆಯ ಹಳೆಯ ಕಂಠ ಹಾಲ್ ತುಂಬಾ ಹರಡಿತು. ಅಡುಗೆಮನೆಯಿಂದ ಸುಮಾ ಕೈ ಒರೆಸಿಕೊಂಡು ಬಂದಳು, ನಿಧಿ ಬಂದು ಅಜ್ಜಿಯ ಕಾಲ ಬಳಿ ಕೂತಳು. ನನ್ನ ಕಣ್ಣೂ ಒದ್ದೆಯಾಗುವುದರಲ್ಲಿತ್ತು. ಅಷ್ಟರಲ್ಲಿ, ಮದುಮಗನನ್ನು ಹಸೆಗೆ ಕರೆಯುವ ಸಾಲಿನ ಮೇಲೆಯೇ, ಒಂದು ಗಂಡುದನಿ ಸ್ಪಷ್ಟವಾಗಿ ಕೇಳಿಸಿತು: “ಸುಮಾ, ಇದು ನಿಜವಾಗ್ಲೂ ಆಗತ್ತಾ? ನಂಗ್ಯಾಕೋ ಅನುಮಾನ.”

ಹಾಡುತ್ತಲೇ ಅತ್ತೆ, “ಸುಮ್ನಿರಿ ಅಳಿಯಂದ್ರೆ” ಎಂದು ರಾಗದೊಳಗೇ ಗದರಿಸಿದ್ದರು. ರೆಕಾರ್ಡಾಗುತ್ತದೆಯೇ ಎಂಬ ಅನುಮಾನದೊಂದಿಗೆ ಮುಂದಿನ ಹಾಡಿನಲ್ಲೂ ನಾನಿದ್ದೆ. ಅದರ ಮುಂದಿನದರಲ್ಲೂ.

ನನ್ನನ್ನಷ್ಟೇ ಅಳಿಸುವ ಕಮಾಂಡ್ ಇದೆಯೇ ಎಂದು ರಘುವಿಗೆ ಫೋನ್ ಮಾಡಿದೆ. “ನೀವು ಅಮ್ಮನ ದನಿ ಮೇಲೇ ಕೂತಿದೀರ ಭಾವ. ನಿಮ್ಮನ್ನ ತೆಗೆದ್ರೆ ಹಾಡೂ ಹೋಗತ್ತೆ” ಎಂದ. ನಿಧಿ ನಕ್ಕು ನಕ್ಕು ಕೆಂಪಾಗಿದ್ದಳು. “ಇರ್ಲಿ ಬಿಡಪ್ಪ, ನಂಗೆ ಹೀಗೇ ಬೇಕು” ಎಂದಳು.

ಅಂತೂ ಮುಂದಿನ ತಿಂಗಳು, ತುಂಬಿದ ಛತ್ರದಲ್ಲಿ, ಅಳಿಯ ಹಸೆಮಣೆಯತ್ತ ಹೆಜ್ಜೆ ಇಡುವ ಹೊತ್ತಿಗೆ ಸರಿಯಾಗಿ, ಈ ಮದುವೆಯ ಬಗ್ಗೆ ಹೆಣ್ಣಿನ ತಂದೆಯ ಅಭಿಪ್ರಾಯ ಸ್ಪೀಕರಿನಲ್ಲಿ ಕೇಳಿಬರಲಿದೆ. ಬೀಗರಿಗೆ ಮೊದಲೇ ವಿಷಯ ತಿಳಿಸಿಬಿಡೋಣವೆಂದುಕೊಂಡಿದ್ದೇನೆ. ಆದರೆ ಹೇಳಿದರೆ ಅವರು ನಂಬುತ್ತಾರೆಯೇ? ನನಗ್ಯಾಕೋ ಅನುಮಾನ.